ಮಾಸ್ಟ್ ಕೋಶದ ಮೇಲಿನ ಅಪವಾದ

ಮೈಮೇಲೆ ಪಿತ್ತದ ಗಂಧೆ ಎದ್ದರೆ, ಹಳೆಯ ಕಪಾಟಿನ ಧೂಳಿಗೆ ಸೀನು ಹತ್ತಿಕೊಂಡರೆ, ಸೀಗಡಿ ತಿಂದ ಸ್ವಲ್ಪ ಹೊತ್ತಿಗೆ ತುಟಿ ಊದಿಕೊಂಡರೆ ಮೊದಲು ನೆನಪಾಗುವುದು ಸೆಟಿರಿಜಿನ್ ಮಾತ್ರೆ. ಆ ಮಾತ್ರೆಯ ಕೆಲಸ ಸರಳವಾದದ್ದು. ಹಿಸ್ಟಮಿನ್ ಎಂಬ ರಾಸಾಯನಿಕ ಹೋಗಿ ಕೂರಬೇಕಾದ ಜಾಗದಲ್ಲಿ ತಾನು ಕೂತು ಅದರ ದಾರಿ ಕಟ್ಟುತ್ತದೆ. ಈ ಹಿಸ್ಟಮಿನ್ ಬಹುಪಾಲು ಹೊರಬರುವುದು ಮಾಸ್ಟ್ ಕೋಶಗಳಿಂದ. ಹಾಗಾಗಿ ಈ ಕೋಶದ ಹೆಸರು ಕೇಳಿರುವ ಕೆಲವರ ಮನಸ್ಸಿನಲ್ಲೂ ಅದು ಅಲರ್ಜಿಯ ಕೋಶವಾಗಿಯೇ ಉಳಿದಿದೆ. ಕಾರಣವಿಲ್ಲದೆ ಕೆರಳುವ, ಕಡಲೆಕಾಯಿಗೂ ಹೂವಿನ ಪರಾಗಕ್ಕೂ ಮೈಯನ್ನೆಲ್ಲ ಕೆಂಪಾಗಿಸುವ, ಕೆಲವೊಮ್ಮೆ ಪ್ರಾಣವನ್ನೇ ತೆಗೆಯುವ ಕೋಶ. ಈ ಅಪವಾದದಲ್ಲಿ ಸುಳ್ಳಿಲ್ಲ, ಆದರೆ ಅದು ಅರ್ಧ ಕತೆ ಮಾತ್ರ. ಮಾಸ್ಟ್ ಕೋಶ ಉರಿಯೂತದ ಸಂಕೇತಗಳನ್ನು ಹೊರಗೆ ಬಿಡುವ ಬಗೆಯನ್ನು ಹತ್ತಿರದಿಂದ ನೋಡಿದರೆ ಅಲ್ಲಿ ಕಾಣುವುದು ಕುರುಡು ಸಿಡಿತವಲ್ಲ. ಯಾವುದು ಒಳನುಗ್ಗಿದೆ, ಎಲ್ಲಿ, ಎಷ್ಟು ಎಂಬುದನ್ನು ಅಳೆದು ತೂಗಿ ಕೊಡುವ ಉತ್ತರ. ಅಲರ್ಜಿ ಎಂಬುದು ಅದೇ ಉತ್ತರ ತಪ್ಪು ಪ್ರಶ್ನೆಗೆ ಬಂದಾಗ ಆಗುವ ಅನಾಹುತ. ಚಿಕಿತ್ಸೆಯ ದಾರಿಗಳು ಬದಲಾಗುತ್ತಿರುವ ಈ ಹೊತ್ತಿನಲ್ಲಿ ಈ ವ್ಯತ್ಯಾಸವನ್ನು ತಿಳಿದುಕೊಳ್ಳಲೇಬೇಕು ಎಂದು ನನಗನ್ನಿಸುತ್ತದೆ.

ತಪ್ಪು ತಿಳಿವಳಿಕೆ ಶುರುವಾದದ್ದು ಹೆಸರಿನಿಂದಲೇ. 1878ರಲ್ಲಿ ಪಾಲ್ ಎರ್ಲಿಕ್ ಎಂಬ ಜರ್ಮನ್ ತರುಣ ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ ತನ್ನ ಡಾಕ್ಟರೇಟ್ ಪ್ರಬಂಧ ಒಪ್ಪಿಸಿದ. ಬಟ್ಟೆಗೆ ಹಾಕುವ ಅನಿಲಿನ್ ಬಣ್ಣಗಳನ್ನು ಅಂಗಾಂಶಗಳಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವನ ಕಾಯಕ. ಕೆಲವು ಕೋಶಗಳ ಹೊಟ್ಟೆಯ ತುಂಬ ಕಣಗಳು ಕಿಕ್ಕಿರಿದಿದ್ದವು. ಹಾಕಿದ ಬಣ್ಣ ಒಂದಾದರೆ ಕಣಗಳು ತೋರುತ್ತಿದ್ದ ಬಣ್ಣ ಇನ್ನೊಂದು. ಇವು ಅತಿಯಾಗಿ ಉಂಡು ಕೊಬ್ಬಿದ ಕೋಶಗಳಿರಬೇಕು ಎಂದು ಎರ್ಲಿಕ್ ಊಹಿಸಿದ. ದನಕ್ಕೋ ಹಂದಿಗೋ ಮೇವು ಹಾಕಿ ಕೊಬ್ಬಿಸುವುದಕ್ಕೆ ಜರ್ಮನ್ ಭಾಷೆಯಲ್ಲಿರುವ ‘ಮಾಸ್ಟ್’ ಪದವನ್ನೇ ಅವಕ್ಕಿಟ್ಟ. ಮುಂದೆ 1908ರಲ್ಲಿ ರೋಗನಿರೋಧಕ ಶಕ್ತಿಯ ಅಧ್ಯಯನಕ್ಕಾಗಿ ನೊಬೆಲ್ ಪಡೆದ ಅವನ ಕಣ್ಣು ಕಣಗಳನ್ನು ಸರಿಯಾಗಿಯೇ ಗುರುತಿಸಿತ್ತು, ಅರ್ಥ ಮಾತ್ರ ತಿರುಗುಮುರುಗಾಗಿತ್ತು. ಅವು ಕೋಶ ಉಂಡ ಊಟವಲ್ಲ. ಹೊರಗೆ ಕಳಿಸಲು ಕಟ್ಟಿಟ್ಟ ಸರಕು.

ಆ ಸರಕಿನ ಪರಿಚಯ ಮುಂದಿನ ಎಪ್ಪತ್ತೈದು ವರ್ಷಗಳಲ್ಲಿ ನಡೆದದ್ದು ಬಹುಮಟ್ಟಿಗೆ ಕಾಯಿಲೆಯ ಕಡೆಯಿಂದ. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಸಮುದ್ರಜೀವಿಗಳ ವಿಷದ ಮೇಲೆ ಕೆಲಸ ಮಾಡುತ್ತಿದ್ದರು. ಒಮ್ಮೆ ಸ್ವಲ್ಪ ವಿಷ ಕೊಟ್ಟು ಚೇತರಿಸಿಕೊಂಡ ನಾಯಿಗೆ ಕೆಲವು ವಾರ ಬಿಟ್ಟು ಮತ್ತೆ ಅದನ್ನೇ ಚುಚ್ಚಿದರೆ ಅದು ನಿಮಿಷಗಳಲ್ಲಿ ಉಸಿರು ಕಟ್ಟಿ ಸಾಯುತ್ತಿತ್ತು. ದೇಹ ವಿಷಕ್ಕೆ ಒಗ್ಗಿಕೊಳ್ಳಬೇಕಿತ್ತು, ಆದದ್ದು ಅದಕ್ಕೆ ವಿರುದ್ಧ. 1902ರಲ್ಲಿ ಅವರು ಇದಕ್ಕಿಟ್ಟ ಹೆಸರು ಅನಾಫಿಲಾಕ್ಸಿಸ್, ಅಂದರೆ ರಕ್ಷಣೆಯ ವಿರುದ್ಧ ಪದ. 1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೈಡ್ಲಾ, ಹಿಸ್ಟಮಿನ್ ಚುಚ್ಚಿದರೂ ಹೆಚ್ಚುಕಡಿಮೆ ಇದೇ ಲಕ್ಷಣಗಳು ಮೂಡುತ್ತವೆಂದು ತೋರಿಸಿದರು. ಆ ಹಿಸ್ಟಮಿನ್ ಮಾಸ್ಟ್ ಕೋಶದ ಕಣಗಳಲ್ಲಿದೆ ಎಂದು 1950ರ ದಶಕದ ಆರಂಭದಲ್ಲಿ ಜೇಮ್ಸ್ ರೈಲಿ ಮತ್ತು ಜೆಫ್ರಿ ವೆಸ್ಟ್ ಸಾಬೀತು ಮಾಡಿದರು. 1960ರ ದಶಕದ ಕೊನೆಗೆ, ಅಮೆರಿಕದ ಡೆನ್ವರ್‌ನಲ್ಲಿದ್ದ ಜಪಾನಿನ ಇಶಿಜಾಕಾ ದಂಪತಿಯೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಕೂಡ ಬೇರೆ ಬೇರೆ ದಾರಿಯಲ್ಲಿ ಒಂದೇ ಪ್ರತಿಕಾಯವನ್ನು ತಲುಪಿದರು. ಅದೇ ಐಜಿಇ, ಮಾಸ್ಟ್ ಕೋಶವನ್ನು ಕೆರಳಿಸುವ ಪ್ರತಿಕಾಯ. ಹೀಗೆ ಪ್ರತಿ ಹೆಜ್ಜೆಯಲ್ಲೂ ಈ ಕೋಶ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಅನಾಹುತ ನಡೆದ ಜಾಗದಲ್ಲೇ. ಅದು ಅಪರಾಧಿಯಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಅದು ಎಲ್ಲಿರುತ್ತದೆ ನೋಡಿ. ಅಸ್ಥಿಮಜ್ಜೆಯಲ್ಲಿ ಹುಟ್ಟುವ ಇತರ ರಕ್ಷಕ ಕೋಶಗಳಂತೆ ಬಲಿತ ಮಾಸ್ಟ್ ಕೋಶ ರಕ್ತದಲ್ಲಿ ಸುತ್ತುತ್ತಿರುವುದಿಲ್ಲ. ಚರ್ಮದ ಕೆಳಗೆ, ಶ್ವಾಸನಾಳದ ಗೋಡೆಯಲ್ಲಿ, ಕರುಳಿನ ಒಳಪದರದಲ್ಲಿ, ಹೊರಜಗತ್ತು ಮೈಯನ್ನು ಮುಟ್ಟುವ ಕಡೆಯಲ್ಲೆಲ್ಲ ಸಣ್ಣ ರಕ್ತನಾಳಗಳಿಗೂ ನರಗಳ ತುದಿಗಳಿಗೂ ಅಂಟಿದಂತೆ ನೆಲೆನಿಂತು ತಿಂಗಳುಗಟ್ಟಲೆ ಬದುಕುತ್ತದೆ. ರಕ್ತನಾಳದ ಗೋಡೆಯೊಳಗೆ ಸಣ್ಣ ಕೈಯೊಂದನ್ನು ಚಾಚಿ ಹರಿಯುವ ರಕ್ತದಿಂದ ಐಜಿಇ ಪ್ರತಿಕಾಯಗಳನ್ನು ಹೆಕ್ಕಿಕೊಳ್ಳುವುದನ್ನೂ ಇಲಿಗಳಲ್ಲಿ ಕಂಡಿದ್ದಾರೆ. ರಕ್ತದಲ್ಲಿ ಎರಡು ಮೂರು ದಿನ ಮಾತ್ರ ಉಳಿಯುವ ಈ ಪ್ರತಿಕಾಯ ಮಾಸ್ಟ್ ಕೋಶದ ಮೈಮೇಲೆ ಕೂತರೆ ವಾರಗಟ್ಟಲೆ ಇಳಿಯುವುದಿಲ್ಲ, ಅಷ್ಟು ಗಟ್ಟಿ ಅದರ ಹಿಡಿತ. ಹೊಲದ ಅಟ್ಟಣೆಯ ಮೇಲೆ ರಾತ್ರಿ ಕಾಯುವವನು ಹಂದಿ ಬಂದ ಮೇಲೆ ಊರಿಗೆ ಹೋಗಿ ದೊಣ್ಣೆ ತರುವುದಿಲ್ಲ. ದೊಣ್ಣೆ, ತಮಟೆ, ದೀಪ ಎಲ್ಲವೂ ಅವನ ಮಗ್ಗುಲಲ್ಲೇ ಇರುತ್ತವೆ. ಮಾಸ್ಟ್ ಕೋಶದ ಕಣಗಳೂ ಹಾಗೆಯೇ. ಅವುಗಳಲ್ಲಿ ಹಿಸ್ಟಮಿನ್ ಇದೆ, ಹೆಪಾರಿನ್ ಇದೆ, ಟ್ರಿಪ್ಟೇಸ್, ಕೈಮೇಸ್, ಕಾರ್ಬಾಕ್ಸಿಪೆಪ್ಟಿಡೇಸ್ ಎಂಬ ಪ್ರೋಟೀನು ಕತ್ತರಿಸುವ ಕಿಣ್ವಗಳಿವೆ, ಟಿಎನ್‌ಎಫ್ ಎಂಬ ಉರಿಯೂತದ ಸಂಕೇತವೂ ಸಿದ್ಧವಾಗಿ ಕೂತಿದೆ. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ, ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂದಿಗೂ ಬಹುಮಟ್ಟಿಗೆ ಹಂದಿಯ ಕರುಳಿನಿಂದಲೇ ಬರುತ್ತದೆ. ಆ ಕರುಳಿನಲ್ಲಿ ಅದನ್ನು ತಯಾರಿಸುವುದು ಮಾಸ್ಟ್ ಕೋಶ.

ಬಿಡುಗಡೆಯ ಕ್ಷಣವನ್ನು ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ನನ್ನ ವಾದದ ಬೇರು ಅಲ್ಲಿದೆ. ಐಜಿಇ ಪ್ರತಿಕಾಯ ಸುಮ್ಮನೆ ಮೈಮೇಲೆ ಕೂತಿದ್ದರೆ ಕೋಶ ಕಣಗಳನ್ನು ಬಿಡುವುದಿಲ್ಲ. ಹೊರಗಿನಿಂದ ಬಂದ ಪ್ರೋಟೀನೊಂದು ಅಕ್ಕಪಕ್ಕದ ಎರಡು ಪ್ರತಿಕಾಯಗಳನ್ನು ಒಟ್ಟಿಗೆ ಹಿಡಿದು ಸೇತುವೆ ಕಟ್ಟಿದಾಗ ಮಾತ್ರ ಒಳಗೆ ಸುದ್ದಿ ಮುಟ್ಟುತ್ತದೆ. ಲಿನ್, ಸಿಕ್ ಎಂಬ ಕಿಣ್ವಗಳು ಒಂದನ್ನೊಂದು ಎಬ್ಬಿಸುತ್ತ ಹೋಗುತ್ತವೆ, ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕಣಗಳು ಕೋಶದ ಅಂಚಿಗೆ ಸರಿದು ಅದರೊಂದಿಗೆ ಬೆಸೆದುಕೊಂಡು ಹೊರಕ್ಕೆ ಬಾಯಿ ತೆರೆಯುತ್ತವೆ. ಇದಕ್ಕೆಲ್ಲ ಹಿಡಿಯುವುದು ಸೆಕೆಂಡುಗಳಿಂದ ಕೆಲವು ನಿಮಿಷ. ಹಗುರವಾದ ಹಿಸ್ಟಮಿನ್ ತಕ್ಷಣ ಹರಡಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಅವುಗಳ ಗೋಡೆಯ ಸಂದುಗಳನ್ನು ಸಡಿಲಿಸುತ್ತದೆ. ಅಲ್ಲಿಂದ ನೀರೂ ಪ್ರತಿಕಾಯಗಳೂ ಅಂಗಾಂಶಕ್ಕೆ ಇಳಿಯುತ್ತವೆ. ಚರ್ಮ ಕೆಂಪಾಗಿ ಊದುವುದು ಇದರಿಂದಲೇ. ಕೆರೆಯ ತೂಬನ್ನು ಬೇಕಾದ ಗದ್ದೆಯ ಕಡೆಗೆ ಎತ್ತಿದಂತೆ ಇದು. ಭಾರದ ಕಿಣ್ವಗಳು ಹೆಪಾರಿನ್‌ಗೆ ಅಂಟಿಕೊಂಡು ಬಿಟ್ಟ ಜಾಗದಲ್ಲೇ ಉಳಿದು ಕೆಲಸ ಮಾಡುತ್ತವೆ. ಅದಾದ ಕೆಲವೇ ನಿಮಿಷಗಳಲ್ಲಿ ಕೋಶ ತನ್ನ ಪೊರೆಯ ಕೊಬ್ಬಿನಿಂದಲೇ ಪ್ರೊಸ್ಟಗ್ಲಾಂಡಿನ್, ಲ್ಯುಕೋಟ್ರೈನ್‌ಗಳನ್ನು ಹೊಸದಾಗಿ ತಯಾರಿಸುತ್ತದೆ. ಗಂಟೆಗಳು ಕಳೆದಂತೆ ವಂಶವಾಹಿಗಳು ಎಚ್ಚೆತ್ತು ಸೈಟೊಕೈನ್ ಎಂಬ ಸಂಕೇತ ಪ್ರೋಟೀನುಗಳು ಹೊರಬೀಳುತ್ತವೆ, ರಕ್ತದಿಂದ ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತವೆ. ಇಲಿಗಳಲ್ಲಿ ಕಂಡಂತೆ ಮಾಸ್ಟ್ ಕೋಶ ಬಿಟ್ಟ ಕೆಲವು ಕಣಗಳು ಟಿಎನ್‌ಎಫ್ ಹೊತ್ತು ದುಗ್ಧರಸ ನಾಳಗಳ ಮೂಲಕ ಹತ್ತಿರದ ಗ್ರಂಥಿಯವರೆಗೂ ಹೋಗುತ್ತವೆ. ಚರ್ಮದಲ್ಲಿ ನಡೆದದ್ದರ ಸುದ್ದಿ ಹೀಗೆ ಪ್ರತಿಕಾಯ ತಯಾರಾಗುವ ಜಾಗಕ್ಕೆ ತಲುಪುತ್ತದೆ.

ಇದು ಒಂದೇ ಅಚ್ಚಿನ ಪ್ರತಿಕ್ರಿಯೆಯಾಗಿದ್ದರೆ ಸಿಡಿತ ಎಂಬ ಮಾತು ಒಪ್ಪಬಹುದಿತ್ತು. ಆದರೆ ಹಾಗಿಲ್ಲ. ಬ್ಯಾಕ್ಟೀರಿಯಾದ ಹೊರಪದರದ ಕೆಲವು ಅಂಶಗಳು ತಾಗಿದಾಗ ಮಾಸ್ಟ್ ಕೋಶ ಕಣಗಳನ್ನು ಬಿಡದೆಯೇ ಸೈಟೊಕೈನ್‌ಗಳನ್ನಷ್ಟೇ ಕಳಿಸಬಲ್ಲದು. ನರಗಳಿಂದ ಬರುವ ಪದಾರ್ಥಗಳನ್ನು ಗುರುತಿಸಲು ಅದಕ್ಕೆ ಎಂಆರ್‌ಜಿಪಿಆರ್‌ಎಕ್ಸ್2 ಎಂಬ ಇನ್ನೊಂದು ಬಾಗಿಲಿದೆ. ಆ ಬಾಗಿಲು ತಟ್ಟಿದರೆ ಸಣ್ಣ ಸಣ್ಣ ಕಣಗಳು ಬೇಗ ಬೇಗ ಹೊರಬೀಳುತ್ತವೆ. ಐಜಿಇ ದಾರಿಯಲ್ಲಿ ಬಂದರೆ ಕಣಗಳು ದೊಡ್ಡವು, ವೇಗ ಕಡಿಮೆ. ಈ ಎರಡನೆಯ ಬಾಗಿಲಿಗೆ ಆಸ್ಪತ್ರೆಗಳಲ್ಲೂ ಮಹತ್ವವಿದೆ. ಸಿಪ್ರೊಫ್ಲಾಕ್ಸಸಿನ್‌ನಂಥ ಪ್ರತಿಜೀವಕ, ಅರಿವಳಿಕೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಕೆಲವು ಔಷಧಿಗಳು ಇದೇ ಬಾಗಿಲನ್ನು ತಟ್ಟಿ, ಐಜಿಇಯ ಸಹಾಯವಿಲ್ಲದೆ, ಅಲರ್ಜಿಯಂತೆಯೇ ಕಾಣುವ ಪ್ರತಿಕ್ರಿಯೆ ಎಬ್ಬಿಸುತ್ತವೆ ಎಂದು 2015ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಷಿನ್‌ಜಾಂಗ್ ಡಾಂಗ್ ತಂಡ ತೋರಿಸಿತು.

ಹಾಗಾದರೆ ಈ ಸಿದ್ಧತೆಯೆಲ್ಲ ಯಾರ ವಿರುದ್ಧ? 1996ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎರಡು ತಂಡಗಳ ವರದಿಗಳು ಒಟ್ಟಿಗೆ ಬಂದವು. ಮಾಸ್ಟ್ ಕೋಶಗಳಿಲ್ಲದ ಇಲಿಗಳು ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಸೋಂಕಿಗೆ ಬೇಗ ಸೋಲುತ್ತಿದ್ದವು. ಅವುಗಳಿಗೆ ಮಾಸ್ಟ್ ಕೋಶ ಮರಳಿ ಕೊಟ್ಟರೆ ಚೇತರಿಸುತ್ತಿದ್ದವು. ಟಿಎನ್‌ಎಫ್ ತಡೆದರೆ ಆ ಲಾಭ ಇಲ್ಲವಾಗುತ್ತಿತ್ತು. ಕಾವಲು ಕೂಗಿದ್ದರಿಂದಲೇ ಬಿಳಿ ರಕ್ತಕಣಗಳು ಹೊತ್ತಿಗೆ ಸರಿಯಾಗಿ ಬಂದಿದ್ದವು. ನನಗೆ ಇದಕ್ಕಿಂತ ಬಲವಾದ ಸಾಕ್ಷ್ಯವಾಗಿ ಕಾಣುವುದು ವಿಷದ ಕತೆ. ಅಲರ್ಜಿ ಎಂಬುದು ವಿಷಗಳ ವಿರುದ್ಧದ ರಕ್ಷಣೆಯಾಗಿ ವಿಕಾಸಗೊಂಡಿರಬೇಕು ಎಂದು 1991ರಲ್ಲಿ ಮಾರ್ಜಿ ಪ್ರೊಫೆಟ್ ವಾದಿಸಿದಾಗ ಕೈಯಲ್ಲಿದ್ದದ್ದು ತರ್ಕ, ಪ್ರಯೋಗಗಳ ಬೆಂಬಲ ಕಡಿಮೆ. 2006ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀಫನ್ ಗಾಲಿ ತಂಡ, ಹಾವಿನ ಮತ್ತು ಜೇನುನೊಣದ ವಿಷಕ್ಕೆ ಮಾಸ್ಟ್ ಕೋಶವಿರುವ ಇಲಿಗಳು ಇಲ್ಲದವಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ ಎಂದು ತೋರಿಸಿತು. ಕಣಗಳೊಳಗಿನ ಕಿಣ್ವಗಳು ವಿಷದ ಅಣುಗಳನ್ನು ಕಚ್ಚಿ ತುಂಡು ಮಾಡುತ್ತಿದ್ದವು. 2013ರಲ್ಲಿ ಇನ್ನೊಂದು ಹೆಜ್ಜೆ. ಮೊದಲು ಅಲ್ಪ ಪ್ರಮಾಣದ ಜೇನುನೊಣದ ವಿಷ ಕಂಡ ಇಲಿಗಳು ಕೆಲವು ವಾರಗಳ ನಂತರ ಮಾರಕ ಪ್ರಮಾಣವನ್ನೂ ತಾಳಿಕೊಂಡವು. ಐಜಿಇ ಇಲ್ಲದ ಇಲಿಗಳಿಗೆ ಈ ರಕ್ಷಣೆ ಸಿಗಲಿಲ್ಲ. ರಿಶೆಯ ನಾಯಿಗೆ ಸಾವು ತಂದ ಅದೇ ವ್ಯವಸ್ಥೆ ಇಲ್ಲಿ ಜೀವ ಉಳಿಸಿತ್ತು. ಮೂರು ವರ್ಷಗಳ ನಂತರ ಇದನ್ನೇ ಕೊಳಕುಮಂಡಲದ ವಿಷದಲ್ಲೂ ತೋರಿಸಿದರು.

ಕೊಳಕುಮಂಡಲದ ಹೆಸರು ಬಂದರೆ ಕನ್ನಡ ಓದುಗರು ಪ್ರಯೋಗಾಲಯದಿಂದ ನೇರ ಗದ್ದೆಗೆ ಬರುತ್ತಾರೆ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸಾಯುತ್ತಾರೆ ಎಂಬುದು 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಅದರಲ್ಲಿ ಈ ಹಾವಿನ ಪಾಲು ದೊಡ್ಡದು. 2024ರಲ್ಲಿ ಕರ್ನಾಟಕ ಸರ್ಕಾರ ಹಾವುಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದ್ದೂ ಈ ಕಾರಣಕ್ಕೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇಲಿಗಳ ಈ ಪ್ರಯೋಗದಿಂದ ‘ಒಮ್ಮೆ ಕಡಿಸಿಕೊಂಡವನಿಗೆ ಮತ್ತೆ ವಿಷ ಏರುವುದಿಲ್ಲ’ ಎಂದು ಯಾರೂ ತಿಳಿಯಬಾರದು. ಒಂದು ಕಡಿತದಲ್ಲಿ ಇಳಿಯುವ ವಿಷದ ಮುಂದೆ ಮಾಸ್ಟ್ ಕೋಶದ ಕಿಣ್ವಗಳು ತೀರಾ ಅಲ್ಪ. ಮನುಷ್ಯನನ್ನು ಬದುಕಿಸುವುದು ಆಸ್ಪತ್ರೆಯ ಪ್ರತಿವಿಷ ಮಾತ್ರ. ಪ್ರಯೋಗಗಳು ಹೇಳುವುದು ಕೋಶದ ಹಿನ್ನೆಲೆಯನ್ನು, ಲಕ್ಷಾಂತರ ವರ್ಷ ಚೇಳು, ಕಣಜ, ಹಾವುಗಳ ನಡುವೆ ಬದುಕಿದ ಪ್ರಾಣಿಗಳಲ್ಲಿ ಅದು ಯಾಕೆ ಉಳಿದುಬಂತು ಎಂಬುದನ್ನು. ಸೀನು, ವಾಂತಿ, ಭೇದಿ, ತುರಿಕೆ ಎಲ್ಲವೂ ಏನನ್ನೋ ಹೊರದಬ್ಬುವ ಕ್ರಿಯೆಗಳೇ ಅಲ್ಲವೆ? 2023ರಲ್ಲಿ ಬಂದ ಎರಡು ಅಧ್ಯಯನಗಳು ಇನ್ನೂ ಮುಂದೆ ಹೋದವು. ಮೊಟ್ಟೆಯ ಪ್ರೋಟೀನಿಗೆ ಅಲರ್ಜಿ ಬೆಳೆಸಿಕೊಂಡ ಇಲಿಗಳು ಅದು ಬೆರೆತ ನೀರನ್ನು ಕುಡಿಯದೆ ಬಿಡುತ್ತಿದ್ದವು. ಮಾಸ್ಟ್ ಕೋಶ ಇಲ್ಲದ ಇಲಿಗಳು ಹಾಗೆ ಮಾಡುತ್ತಿರಲಿಲ್ಲ.

ಇದೆಲ್ಲ ಇಲಿಗಳ ಕತೆ, ಅದರಲ್ಲೂ ಕೆಟ್ಟ ಇಲಿಗಳ ಕತೆ ಎಂಬ ಆಕ್ಷೇಪ ಗಂಭೀರವಾದದ್ದು. ದಶಕಗಳ ಕಾಲ ಬಳಸಿದ ‘ಮಾಸ್ಟ್ ಕೋಶವಿಲ್ಲದ’ ಇಲಿಗಳಲ್ಲಿ ಕಿಟ್ ಎಂಬ ವಂಶವಾಹಿ ಕೆಟ್ಟಿರುತ್ತದೆ. ಅದು ಕೆಟ್ಟರೆ ಮಾಸ್ಟ್ ಕೋಶದ ಜೊತೆಗೆ ಇತರ ರಕ್ತಕಣಗಳಲ್ಲೂ ಏರುಪೇರಾಗುತ್ತದೆ. ಯಾವ ಪರಿಣಾಮ ಯಾವುದರಿಂದ ಎಂದು ಹೇಳುವುದು ಹೇಗೆ? ಜರ್ಮನಿಯ ಹಾನ್ಸ್-ರೈಮರ್ ರೋಡೆವಾಲ್ಡ್ ಅವರ ಪ್ರಯೋಗಾಲಯ 2011ರಲ್ಲಿ ಕಿಟ್ ವಂಶವಾಹಿಯನ್ನು ಮುಟ್ಟದೆ ಮಾಸ್ಟ್ ಕೋಶಗಳನ್ನು ಇಲ್ಲವಾಗಿಸಿದ ಹೊಸ ಇಲಿಯನ್ನು ತಯಾರಿಸಿತು. ಆ ಇಲಿಯಲ್ಲಿ ಪರೀಕ್ಷಿಸಿದಾಗ, ಸಂಧಿವಾತದ ಒಂದು ಮಾದರಿಗೆ ಮಾಸ್ಟ್ ಕೋಶ ಬೇಕೇ ಬೇಕು ಎಂಬ ಹಳೆಯ ತೀರ್ಮಾನ ಬಿದ್ದುಹೋಯಿತು. ಮಾಸ್ಟ್ ಕೋಶದ ಪರವಾಗಿ ಹೇಳಿದ್ದ ಹಲವು ಮಾತುಗಳು ಅತಿರೇಕದವು ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಆದರೆ ವಿಷದ ಕತೆ ಈ ಪರೀಕ್ಷೆಯಲ್ಲಿ ಬೀಳಲಿಲ್ಲ. 2007ರಲ್ಲಿ ಇದೇ ರೋಡೆವಾಲ್ಡ್ ತಂಡ, ಕಿಟ್ ಕೆಟ್ಟ ಇಲಿಗಳನ್ನೇ ನೆಚ್ಚಿಕೊಳ್ಳದೆ, ಕಾರ್ಬಾಕ್ಸಿಪೆಪ್ಟಿಡೇಸ್ ಕಿಣ್ವವನ್ನು ಮಾತ್ರ ನಿಷ್ಕ್ರಿಯಗೊಳಿಸಿ ನೋಡಿತ್ತು. ಕಿಣ್ವದ ಹಲ್ಲು ಕಿತ್ತರೆ ಹಾವಿನ ವಿಷದ ಸರಾಫೊಟಾಕ್ಸಿನ್ ಎಂಬ ಅಂಶದ ವಿರುದ್ಧದ ರಕ್ಷಣೆಯೂ ಹೋಗುತ್ತಿತ್ತು. ಸಂದೇಹ ಎತ್ತಿದವರ ಕೈಯಿಂದಲೇ ಬಂದ ಈ ಸಾಕ್ಷ್ಯಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಎರಡನೆಯ ಆಕ್ಷೇಪ ನೇರವಾಗಿ ಎದೆಗೆ ತಾಗುವಂಥದು. ರಕ್ಷಿಸುವ ಕೋಶ ಕಡಲೆಕಾಯಿ ತಿಂದ ಮಗುವನ್ನು ಕೊಲ್ಲುವುದೇಕೆ? ತೂಬಿನ ಹೋಲಿಕೆಗೆ ಮತ್ತೆ ಬರೋಣ. ಒಂದು ಗದ್ದೆಗೆ ನೀರು ಬೇಕಾದಾಗ ಒಂದು ತೂಬು ತೆರೆದರೆ ಬೆಳೆ ಉಳಿಯುತ್ತದೆ. ಎಲ್ಲ ತೂಬುಗಳನ್ನೂ ಒಮ್ಮೆಗೇ ಎತ್ತಿದರೆ ಕೆರೆಯೇ ಖಾಲಿ. ಅನಾಫಿಲಾಕ್ಸಿಸ್‌ನಲ್ಲಿ ಆಗುವುದು ಇದು. ಅಲರ್ಜಿಕಾರಕ ರಕ್ತದ ಮೂಲಕ ಮೈಯೆಲ್ಲ ಹರಡಿ ಎಲ್ಲ ಕಡೆಯ ಮಾಸ್ಟ್ ಕೋಶಗಳೂ ಏಕಕಾಲಕ್ಕೆ ಕಣ ಬಿಡುತ್ತವೆ. ರಕ್ತದ ದ್ರವ ನಾಳಗಳಿಂದ ಸೋರಿ ಒತ್ತಡ ಕುಸಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಅಣುಗಳು ಅವೇ, ಬದಲಾದದ್ದು ವ್ಯಾಪ್ತಿ. ಇದೇ ಇಬ್ಬಗೆಯನ್ನು ಡೆಂಗಿಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. ಸಿಂಗಪುರದಲ್ಲಿ ಆಶ್ಲಿ ಸೇಂಟ್ ಜಾನ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನಗಳ ಪ್ರಕಾರ, ವೈರಸ್ ಇನ್ನೂ ಚರ್ಮದಲ್ಲಿರುವಾಗ ಮಾಸ್ಟ್ ಕೋಶಗಳು ರಕ್ಷಕ ಕೋಶಗಳನ್ನು ಕರೆಸಿ ಅದು ಹರಡದಂತೆ ತಡೆಯುತ್ತವೆ. ಸೋಂಕು ಮೈಯೆಲ್ಲ ಹಬ್ಬಿದ ಮೇಲೆ ಅವೇ ಕೋಶಗಳ ಸ್ರಾವಗಳು ರಕ್ತನಾಳಗಳನ್ನು ಸೋರುವಂತೆ ಮಾಡುತ್ತವೆ. ರೋಗ ತೀವ್ರವಾದವರ ರಕ್ತದಲ್ಲಿ ಕೈಮೇಸ್ ಪ್ರಮಾಣ ಹೆಚ್ಚು. ಹೊಟ್ಟೆಯ ಸೋಂಕಿನ ಪ್ರಯೋಗಗಳೂ ಇದನ್ನೇ ಹೇಳಿವೆ. ಸಾಧಾರಣ ಸೋಂಕಿನಲ್ಲಿ ನೆರವಾದ ಕೋಶಗಳು ತೀವ್ರ ಸೋಂಕಿನಲ್ಲಿ ಹಾನಿ ಮಾಡಿದವು. ಇದನ್ನು ಕೋಶದ ಪರ ವಾದಿಸುವವರು ಮುಚ್ಚಿಡಬಾರದು.

ಮೂರನೆಯ ಪ್ರಶ್ನೆ: ಒಮಾಲಿಜುಮಾಬ್ ಎಂಬ ಚುಚ್ಚುಮದ್ದು 2003ರಿಂದ ಬಳಕೆಯಲ್ಲಿದೆ, ಅದು ರಕ್ತದ ಐಜಿಇಯನ್ನು ಹಿಡಿದು ಕಟ್ಟಿಹಾಕುತ್ತದೆ. ಅದನ್ನು ಪಡೆದ ಅಸ್ತಮಾ ರೋಗಿಗಳು ಸೋಂಕಿನಿಂದ ನರಳುತ್ತಿಲ್ಲ. ಹಾಗಿದ್ದರೆ ಇಂದಿನ ಮನುಷ್ಯನಿಗೆ ಈ ವ್ಯವಸ್ಥೆ ಬೇಕೇ ಇಲ್ಲವೇನೋ? ಬ್ರೆಜಿಲ್‌ನಲ್ಲಿ ಜಂತುಹುಳುವಿನ ಸೋಂಕು ಹೆಚ್ಚಿರುವವರ ನಡುವೆ ನಡೆದ ಪ್ರಯೋಗದಲ್ಲಿ ಈ ಮದ್ದು ಪಡೆದವರಲ್ಲಿ ಸೋಂಕು ತುಸು ಹೆಚ್ಚಿದಂತೆ ಕಂಡಿತ್ತು, ಆದರೆ ಆ ವ್ಯತ್ಯಾಸ ಖಚಿತ ತೀರ್ಮಾನಕ್ಕೆ ಸಾಲುವಷ್ಟಿರಲಿಲ್ಲ. ನನ್ನ ಉತ್ತರ ಬೇರೆ. ಆ ಮದ್ದು ಮುಚ್ಚುವುದು ಒಂದು ಬಾಗಿಲನ್ನು. ಕೋಶ ಅಲ್ಲೇ ಇರುತ್ತದೆ, ಉಳಿದ ಬಾಗಿಲುಗಳು ತೆರೆದಿರುತ್ತವೆ. ಆ ಚಿಕಿತ್ಸೆ ಸುರಕ್ಷಿತವಾಗಿರುವುದರಿಂದ ಕೋಶವೇ ಬೇಡ ಎಂದು ಸಾಬೀತಾಗುವುದಿಲ್ಲ. ಈಗ ಬರುತ್ತಿರುವ ಔಷಧಿಗಳು ಬೇರೆ ಬಗೆಯವು. ದೀರ್ಘಕಾಲದ ಗಂಧೆಯಿಂದ ಬಳಲುವವರಿಗಾಗಿ ಪರೀಕ್ಷೆಯ ಹಂತದಲ್ಲಿರುವ ಬಾರ್ಜೊಲ್ವೊಲಿಮಾಬ್, ಕಿಟ್ ಸಂಕೇತವನ್ನೇ ತಡೆದು ಚರ್ಮದ ಮಾಸ್ಟ್ ಕೋಶಗಳನ್ನು ಬಹುಮಟ್ಟಿಗೆ ಇಲ್ಲವಾಗಿಸುತ್ತದೆ. ರಾತ್ರಿಯಿಡೀ ತುರಿಸಿಕೊಂಡು ನಿದ್ದೆಗೆಟ್ಟವರಿಗೆ ಅದು ದೊಡ್ಡ ಬಿಡುಗಡೆ, ಆ ನೋವನ್ನು ಸಣ್ಣದೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರಿರುವ, ಹೆಜ್ಜೇನು ಕಟ್ಟುವ, ಮಳೆಗಾಲಕ್ಕೊಮ್ಮೆ ಡೆಂಗಿ ಏಳುವ ನಾಡಿನಲ್ಲಿ ಅಂಥ ಮದ್ದನ್ನು ಕೊಡುವ ಮೊದಲು ಇಲ್ಲಿಯ ಜನರಲ್ಲೇ ಅದರ ಪರಿಣಾಮವನ್ನು ವರ್ಷಗಟ್ಟಲೆ ನೋಡಬೇಕೆಂದು ಕೇಳುವುದು ಅತಿ ಎಚ್ಚರವೇನೂ ಅಲ್ಲ.

ಬಾಗಿಲು ಯಾವುದು, ಹೊತ್ತು ಯಾವುದು ಎಂಬ ವಿವೇಚನೆ ಈಗಾಗಲೇ ಹಾವುಕಡಿತದ ವಾರ್ಡುಗಳಲ್ಲಿ ನಡೆಯುತ್ತಿದೆ. ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದ ಪ್ರತಿಕಾಯಗಳಿಂದ, ಮನುಷ್ಯನ ಮೈಗೆ ಅದು ಪರಕೀಯ. ಶ್ರೀಲಂಕಾದಲ್ಲಿ ಪ್ರತಿವಿಷ ಪಡೆದವರ ರಕ್ತ ಪರೀಕ್ಷಿಸಿದಾಗ, ತೀವ್ರ ಪ್ರತಿಕ್ರಿಯೆ ಬಂದವರಲ್ಲಿ ಮಾಸ್ಟ್ ಕೋಶದ ಟ್ರಿಪ್ಟೇಸ್ ಮತ್ತು ಹಿಸ್ಟಮಿನ್ ಏರಿದ್ದವು. ಅದೇ ದೇಶದಲ್ಲಿ ನಡೆದು 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು, ಪ್ರತಿವಿಷಕ್ಕೆ ಮುಂಚೆ ಚರ್ಮದ ಕೆಳಗೆ ಕೊಟ್ಟ ಅಲ್ಪ ಪ್ರಮಾಣದ ಅಡ್ರಿನಲಿನ್ ಇಂಥ ತೀವ್ರ ಪ್ರತಿಕ್ರಿಯೆಗಳನ್ನು ಗಣನೀಯವಾಗಿ ಇಳಿಸುತ್ತದೆ ಎಂದು ತೋರಿಸಿತು. ಅಡ್ರಿನಲಿನ್ ಸೋರುವ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಕಣ ಬಿಡಲು ಹೊರಟ ಮಾಸ್ಟ್ ಕೋಶಗಳನ್ನೂ ತಡೆಯುತ್ತದೆ. ಅದರ ಪ್ರಭಾವ ಸ್ವಲ್ಪ ಹೊತ್ತಿನದು. ಅಷ್ಟರಲ್ಲಿ ಕುದುರೆಯ ಪ್ರತಿಕಾಯಗಳು ರಕ್ತದಲ್ಲಿರುವ ಕೊಳಕುಮಂಡಲದ ವಿಷವನ್ನು ಹಿಡಿಯಲು ತೊಡಗಿರುತ್ತವೆ.